ಒಂದು ರಬ್ಬರ್ ಬ್ಯಾಂಡಿನ ಬಾಟಲಿ

ಮನೆಯಿಂದ
ಭಾನುವಾರ, ಹದಿನಾಲ್ಕನೆಯ ತಾರೀಕು, ಬೆಳಗಿನ ಕಾಫಿಯ ನಂತರ

ಪ್ರೀತಿಯ ಇವಳೇ,

ಮೂವತ್ತನಾಲ್ಕು ವರ್ಷ ಹೀಗೆಯೇ ಕರೆದವನು ಕಾಗದದಲ್ಲಿ ಮಾತ್ರ ಹೆಸರು ಹಿಡಿದರೆ, ಯಾರಿಗೋ ಬಂದ ಪತ್ರವೆಂದು ನೀನು ಪಕ್ಕಕ್ಕಿಟ್ಟುಬಿಡುತ್ತೀಯೆ. ಮಂಡಿನೋವು ಹೇಗಿದೆ? ನಿದ್ದೆ ಬರುತ್ತಿದೆಯೇ? ನಿನ್ನ ಅಕ್ಕನ ಮನೆಯ ಮೆಟ್ಟಿಲು ಕಡಿದಾದದ್ದು. ಕಂಬಿ ಹಿಡಿದೇ ಇಳಿ. ನಾನು ಕ್ಷೇಮವಾಗಿದ್ದೇನೆ. ರಕ್ತದೊತ್ತಡ ಹತೋಟಿಯಲ್ಲಿದೆ.

ಗುರುವಾರ ಮಗಳ ಕ್ಲಿನಿಕ್ಕಿನವರು ಅವಳ ನೆನಪಿಗೆಂದು ಸೇರಿದ್ದರು. ರೋಗಿಗಳು ಕಾಯುವ ಕೋಣೆಯಲ್ಲೇ ಕುರ್ಚಿ ಹಾಕಿದ್ದರು. ಮೂಲೆಯ ತೂಕದ ಯಂತ್ರದ ಮೇಲೆ ಅವಳ ಕೈಬರಹದ ಚೀಟಿ ಇನ್ನೂ ಇದೆ: ‘ಚಪ್ಪಲಿ ಬಿಟ್ಟು ನಿಲ್ಲಿ. ಉಸಿರು ಬಿಗಿಹಿಡಿದರೆ ತೂಕ ಇಳಿಯುವುದಿಲ್ಲ.’ ನನ್ನನ್ನೂ ಮಾತನಾಡಲು ಕರೆದರು. ಬಂದವರೆಲ್ಲರಿಗೂ ಕೃತಜ್ಞತೆ ಹೇಳಿದೆ. ತಂದ ಅನುಕಂಪವನ್ನು ಮಾತ್ರ ದಯವಿಟ್ಟು ಹಿಂದಕ್ಕೆ ಒಯ್ಯಿರಿ, ಅದಕ್ಕೆ ನಾನು ಅರ್ಹನಲ್ಲ ಎಂದೆ. ಸಭೆ ಅದನ್ನು ವಿನಯವೆಂದು ತಿಳಿಯಿತು. ಅದು ವಿನಯವಲ್ಲ, ಏನೆಂಬುದನ್ನು ನಿನಗಾದರೂ ಹೇಳಬೇಕು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಕ್ರಮವಾಗಿ ಹೇಳುತ್ತೇನೆ. ಕಾಲೇಜಿನ ಚರ್ಚಾಕೂಟದಿಂದ ಅಂಟಿದ ಚಟ. ಸಕ್ಕರೆ ಬಿಟ್ಟು ಕೃತಕ ಸಿಹಿಕಾರಕ ಬಳಸಿದರೆ ತೂಕ ಇಳಿಯುತ್ತದೆಯೇ ಎಂದು ಅವಳ ರೋಗಿಗಳು ದಿನವೂ ಕೇಳುತ್ತಿದ್ದರು. ಖಂಡಿತ ಇಲ್ಲ ಎಂಬುದು ನನ್ನ ಪಕ್ಷ. ನಾಲಿಗೆಗೆ ಸಿಹಿ ತೋರಿಸಿ ಹೊಟ್ಟೆಗೆ ಕೊಡದಿದ್ದರೆ, ಹೊಟ್ಟೆ ಅದನ್ನು ಬೇರೆಡೆ ವಸೂಲು ಮಾಡಿಯೇ ತೀರುತ್ತದೆ ಎಂದು ವಾದಿಸಿದ್ದೆ. “ವಸೂಲು ಮಾಡದೇ ಇದ್ರೆ ಸ್ವಲ್ಪ ಇಳಿಯುತ್ತೆ, ಮಾಡಿದ್ರೆ ಇಲ್ಲ. ಜನ ಯಾವುದು ಮಾಡ್ತಾರೆ ಅನ್ನೋದೇ ನಂಗೂ ಗೊತ್ತಾಗಬೇಕಿರೋದು. ಬಾಯಿ ಸಾಕಪ್ಪಾ, ತಕ್ಕಡಿ ಹತ್ತಿ,” ಎಂದಳು. ಹಾಗೆ ಅಡುಗೆಮನೆಯ ಕಟ್ಟೆಯ ಮೇಲೆ ಆ ಎರಡು ಕಂದು ಬಾಟಲಿಗಳು ಬಂದವು. ಒಂದು ರಬ್ಬರ್ ಬ್ಯಾಂಡಿನದು ನನಗೆ, ಎರಡರದು ನಿನಗೆ. ಒಂದರಲ್ಲಿ ಸಕ್ಕರೆಯ ಪಾಕ, ಇನ್ನೊಂದರಲ್ಲಿ ಸಿಹಿಕಾರಕದ ನೀರು. ಯಾವುದು ಯಾವುದೆಂದು ತುಂಬಿಸಿ ಕಳಿಸುತ್ತಿದ್ದ ಕ್ಲಿನಿಕ್ಕಿನ ನರ್ಸಮ್ಮನಿಗೆ ಮಾತ್ರ ಗೊತ್ತು, ಮಗಳಿಗೂ ಗೊತ್ತಿರಲಿಲ್ಲ. ದಿನಕ್ಕೆ ನಾಲ್ಕು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ. ಹನ್ನೆರಡು ವಾರಗಳ ನಂತರ ನೀನೂ ನಾನೂ ಬಾಟಲಿ ಅದಲುಬದಲು ಮಾಡಿಕೊಳ್ಳಬೇಕಿತ್ತು. ಒಂಬತ್ತನೆಯ ವಾರದಲ್ಲಿ ಮೂರು ದಿನದ ಜ್ವರ ಅವಳನ್ನೇ ಕರೆದೊಯ್ದಿತು.

ಈಗ ನಿನಗೆ ಗೊತ್ತಿಲ್ಲದ ಭಾಗ. ನನ್ನ ಕಾಫಿ ಬಾಯಲ್ಲಿ ಸಣ್ಣ ಕಹಿ ಬಿಡುತ್ತಿತ್ತು; ನನ್ನದೇ ಸಿಹಿಕಾರಕದ ಬಾಟಲಿ ಎಂದು ಊಹಿಸಿದೆ. ಊಹೆ ಸರಿಯೋ ತಪ್ಪೋ ಇಂದಿಗೂ ತಿಳಿಯದು. ತೂಕ ಇಳಿದರೆ ವಾದ ಸೋಲುತ್ತೇನೆ. ಆದ್ದರಿಂದ ಎರಡನೆಯ ವಾರದಿಂದ ಬೆಳಗಿನ ವಾಕಿಂಗ್ ಮುಗಿಸಿ, ಗ್ರಂಥಾಲಯದ ಹಿಂದಿನ ಬೇಕರಿಯಲ್ಲಿ ನಿಂತು ದಿನಕ್ಕೊಂದು ಬೆಣ್ಣೆ ಸವರಿದ ಬನ್ನು ತಿಂದೆ. ಎಂಟು ಚಮಚ ಸಕ್ಕರೆ ಬಿಟ್ಟದ್ದರಿಂದ ಉಳಿಯಬಹುದಾಗಿದ್ದುದನ್ನೆಲ್ಲ ಆ ಬನ್ನು ನುಂಗಿ ನೀರು ಕುಡಿಯಿತು. “ಏನ್ ಸಾರ್, ವಾಕಿಂಗ್ ಬರೋದು ನಮ್ಮಂಗಡಿಗೇನಾ?” ಎಂದು ಬೇಕರಿಯವನು ಛೇಡಿಸಿದಾಗಲೂ ನನಗೆ ನಾಚಿಕೆಯಾಗಲಿಲ್ಲ.

ನಾಚಿಕೆಯಾದದ್ದು ಬುಧವಾರ, ಅವಳ ನೋಟ್‌ಬುಕ್ ಓದಿದಾಗ. ಐದನೆಯ ವಾರದಲ್ಲಿ ಹೀಗಿದೆ: ‘ಅಪ್ಪ ನಾನೂರು ಗ್ರಾಂ ಹೆಚ್ಚು. ಯಾವ ಬಾಟಲಿಯಾದರೂ ಹೀಗಾಗಬಾರದು. ಹಸಿವು ಹೆಚ್ಚಿದೆಯೇ? ಕೇಳಬೇಕು. ಕೇಳಿದರೆ ವಾದಕ್ಕಿಳಿಯುತ್ತಾರೆ.’ ಎಂಟನೆಯ ವಾರದಲ್ಲಿ ಎರಡೇ ಸಾಲು: ‘ಅಪ್ಪ ಸುಳ್ಳು ಹೇಳುವವರಲ್ಲ. ನನ್ನ ತಿಳಿವಳಿಕೆಯೇ ತಪ್ಪಿರಬೇಕು.’

ಇವಳೇ, ಎಷ್ಟು ಸಭೆಗಳಲ್ಲಿ ಬಹುಮಾನ ಪಡೆದಿದ್ದೇನೆ! ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನನಗೆ ಬೇಕಾಗಿದ್ದದ್ದು ಗೆಲುವು. ಉತ್ತರ ಎಂದೂ ಬೇಕಿರಲಿಲ್ಲ. ಈಗ ಬೇಕೆನಿಸುತ್ತಿದೆ. ಅವಳು ಹೋದ ಮೇಲೂ ಬಾಟಲಿ ಬಿಟ್ಟಿಲ್ಲ; ಬನ್ನು ಬಿಟ್ಟು ನಾಲ್ಕು ದಿನವಾಯಿತು. ವಾಕಿಂಗ್ ಮುಗಿಯುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಚುರುಗುಟ್ಟುತ್ತದೆ. ಇದು ಬಾಟಲಿ ತಂದ ಹಸಿವೋ, ಬನ್ನಿಗೆ ಒಗ್ಗಿದ ಹಸಿವೋ? ಹೊತ್ತನ್ನು ಬರೆದಿಡುತ್ತಿದ್ದೇನೆ. ಎರಡು ಚಮಚ ಸಾಕೆನಿಸುವ ನಾಲಿಗೆಗೆ ಒಂದೂವರೆ ಸಾಕಾಗುವ ದಿನವೂ ಬರಬಹುದೇ? ಸಭೆ ಮುಗಿದ ಮೇಲೆ ನರ್ಸಮ್ಮ ಕಣ್ಣೊರೆಸಿಕೊಂಡು, “ಈಗಲಾದ್ರೂ ಹೇಳಿಬಿಡ್ಲಾ ಸಾರ್, ಯಾವುದರಲ್ಲಿ ಏನಿತ್ತು ಅಂತ?” ಎಂದರು. ಬೇಡವೆಂದೆ. ಕೆಡಿಸಿದ ಪರೀಕ್ಷೆಯ ಉತ್ತರ ಕೇಳಿ ಏನು ಮಾಡಲಿ?

ನಿನ್ನ ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ.

ಇತಿ,
ನಿನ್ನ ಮಗಳ ಅಪ್ಪ

ಬರೆಯಲು ಹಿಂಜರಿದದ್ದು: ನಿನ್ನೆ ನಿನ್ನ ಅಕ್ಕ ಫೋನಿನಲ್ಲಿ, “ಇಲ್ಲಿ ರಾತ್ರಿ ಹೊಟ್ಟೆತುಂಬ ಊಟ ಮಾಡ್ತಾಳೆ. ಅಲ್ಲಿ ಎರಡು ತಿಂಗಳು ಬರೀ ಮಜ್ಜಿಗೆ ಕುಡಿದು ಮಲಗ್ತಿದ್ಲಂತೆ. ಏನ್ರೀ ಇದು, ಅನ್ನ ಹಾಕ್ತಿರಲಿಲ್ವಾ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ನಿನ್ನ ತೂಕ ಮೂರು ಕೆ.ಜಿ. ಇಳಿದ ಗುಟ್ಟು ಆಗ ತಿಳಿಯಿತು. ನಿನ್ನದೇ ಸಿಹಿಕಾರಕವೆಂದು ಊಹಿಸಿ ಮಗಳನ್ನು ಗೆಲ್ಲಿಸಲು ಹೊರಟೆಯಲ್ಲ, ನಿನ್ನದು ಸಕ್ಕರೆಯ ಬಾಟಲಿಯಾಗಿದ್ದರೆ ನೀನು ಗೆಲ್ಲಿಸಿದ್ದು ಸಕ್ಕರೆಯನ್ನು! ಇಬ್ಬರೂ ಸೇರಿ ಅವಳಿಗೆ ಮೋಸ ಮಾಡಿದ್ದೇವೆ. ಯಾರನ್ನೂ ಕೇಳದೆ ನಾನೊಬ್ಬನೇ ತೀರ್ಮಾನಿಸಿದ್ದೇನೆ. ಹೊಸದಾಗಿ ಚೀಟಿ ಎತ್ತಿ ಹೊಸ ಬಾಟಲಿ ತುಂಬಿಸಲು ನರ್ಸಮ್ಮನಿಗೆ ಹೇಳಿಯಾಗಿದೆ. ಇಬ್ಬರ ತೂಕದಿಂದ ಲೋಕಕ್ಕೇನೂ ಸಾಬೀತಾಗದು. ಅವಳ ನೋಟ್‌ಬುಕ್ಕಿನ ಪ್ರಶ್ನೆಗೆ ಪ್ರಾಮಾಣಿಕವಾದ ಒಂದು ಅಂಕಿಯಾದರೂ ಸಿಗಲಿ. ಸೋಮವಾರ, ಇಪ್ಪತ್ತೆರಡರಿಂದ ಒಂದನೆಯ ವಾರ. ಅದಕ್ಕೆ ಮೊದಲು, ಈ ಶನಿವಾರ ಹತ್ತು ಗಂಟೆಗೆ ನಾನೇ ಬಂದು ನಿನ್ನನ್ನು ಕರೆತರುತ್ತೇನೆ. ಈ ವಿಷಯದಲ್ಲಿ ಚರ್ಚೆಯಿಲ್ಲ.