ಒಗೆದದ್ದನ್ನೇ ಒಗೆದು ಅಂಗಡಿ ನೋಡಿದ್ದು

ಮಗಳ ಮನೆಯಿಂದ,
ನವೆಂಬರ್ ೧೮, ಮಂಗಳವಾರ

ಇವಳೇ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಸುಮ್ಮನೆ ಕೇಳುತ್ತಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ನಾನು ಆರೋಗ್ಯವಾಗಿದ್ದೇನೆ. ಮೊಮ್ಮಗಳು ಶಾಲೆಯವರೆಗೂ ನನ್ನ ಬೆರಳು ಹಿಡಿದೇ ಬರುತ್ತಾಳೆ, ಗೇಟು ಕಂಡಕೂಡಲೇ ನಾನು ಯಾರೋ ಎಂಬಂತೆ ಬಿಟ್ಟು ಓಡುತ್ತಾಳೆ. ನಿನ್ನದೇ ಬುದ್ಧಿ. ಅಳಿಯ ಹಡಗಿನಿಂದ ಇಳಿಯುವುದು ಚಳಿಗಾಲ ಮುಗಿದ ಮೇಲೆಯೇ ಅಂತೆ, ಅಲ್ಲಿಯವರೆಗೆ ಮಗುವಿನ ಕಾವಲಿಗೆ ನಾನು ಇಲ್ಲೇ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ನೀನು ಹುಬ್ಬೇರಿಸುತ್ತೀಯ. ನನ್ನ ಫೋನಿಗೆ ಇಲ್ಲಿಯ ಸಿಮ್ ಇಲ್ಲ, ಕರೆಯೆಲ್ಲ ಮಗಳ ಫೋನಿನಿಂದಲೇ, ಮಾತಾಡುವಷ್ಟು ಹೊತ್ತೂ ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ನೀವಿಬ್ಬರೂ ಒಂದೇ ಪಕ್ಷ ಎಂಬ ಗುಮಾನಿ ನನಗೆ ಬಂದ ವಾರದಲ್ಲೇ ಶುರುವಾಗಿತ್ತು.

ಹೊರಡುವ ಮುಂಚೆ ಅಂಗಡಿಯಲ್ಲಿ ಕ್ಯಾಮೆರಾ ಹಾಕಿಸಿದ್ದು ಯಾಕೆಂದು ನಿನಗೆ ಗೊತ್ತು. ಅಂಗಡಿಯನ್ನು ನಿನ್ನ ತಮ್ಮನ ಕೈಗೆ ಕೊಟ್ಟು ಬಂದಿದ್ದೆ. ಒಳ್ಳೆಯವನೇ, ಆದರೆ ಯಾರು ಕೇಳಿದರೂ ಇಲ್ಲ ಎನ್ನಲು ಬಾರದವನು. ಮೊಳೆ, ನಟ್ಟು, ನಲ್ಲಿ, ಚಿಲಕ ಎಂದು ಒಂದೇ ಕುರ್ಚಿಯಲ್ಲಿ ಕೂತು ತಲೆ ನರೆಸಿಕೊಂಡವನು ನಾನು. ಅದು ಕೈತಪ್ಪಿದರೆ ಊರಿಗೆ ಬಂದು ನಾನು ಮಾಡುವುದಾದರೂ ಏನು? ಅದಕ್ಕೇ ದಿನಾ ಫೋನಿನಲ್ಲಿ ಅಂಗಡಿ ನೋಡಬೇಕೆಂದಿದ್ದೆ. ಅದಕ್ಕೆ ಇಂಟರ್ನೆಟ್ ಬೇಕು. ಮಗಳ ಮನೆಯಲ್ಲಿ ದೀಪ ಮಿಣುಕಿಸುವ ಬಿಳಿ ಡಬ್ಬಿ ಇದೆ, ಪಾಸ್‌ವರ್ಡ್ ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಅದು ಆಫೀಸಿನ ಕೆಲಸಕ್ಕೆ ಮಾತ್ರವಂತೆ. ಹಾಗಾದರೆ ಮೊಮ್ಮಗಳು ನೋಡುವ ಕಾರ್ಟೂನು ಯಾವ ಆಫೀಸಿನದು? ಸಿಮ್ ತರೋಣವೆಂದು ಹೋದೆ, ಪಾಸ್‌ಪೋರ್ಟ್ ಕೇಳಿದರು. ಅದು "ಜೋಪಾನವಾಗಿರ್ಲಿ ಅಪ್ಪಾ" ಎಂದು ಮಗಳ ಬೀರು ಸೇರಿದೆ, ಬೀರುವಿನ ಬೀಗದ ಕೈ ಅವಳ ಬ್ಯಾಗಿನಲ್ಲಿದೆ. ಹೆತ್ತ ಮಗಳ ಮನೆಯಲ್ಲೇ ನಾನು ಕಳ್ಳನ ಹಾಗೆ ಬ್ಯಾಗನ್ನು ದಿಟ್ಟಿಸುತ್ತ ಕೂರುವಂತಾಯಿತು.

ಕೊನೆಗೆ ದಾರಿ ಸಿಕ್ಕಿದ್ದು ಬೀದಿಯ ಕೊನೆಯಲ್ಲಿ. ಅಲ್ಲಿ ಸಾಲಾಗಿ ಮಷೀನು ಇಟ್ಟು ಬಟ್ಟೆ ಒಗೆಯುವ ಅಂಗಡಿಯೊಂದಿದೆ. ಬಟ್ಟೆ ತಂದವರಿಗೆ ಇಂಟರ್ನೆಟ್ ಪುಕ್ಕಟೆ, ಪಾಸ್‌ವರ್ಡನ್ನು ಗೋಡೆಗೇ ಅಂಟಿಸಿದ್ದಾರೆ. ಬರಿಗೈಲಿ ಹೋಗಿ ಕೂತರೆ ಮಾತ್ರ ಅಂಗಡಿಯಾಕೆ ಬಾಗಿಲು ತೋರಿಸುತ್ತಾಳೆ. ಹಾಗಾಗಿ ಒಗೆದ ಹಾಸಿಗೆ ಹೊದಿಕೆಯನ್ನೇ ದಿನಾ ಒಗೆಯುತ್ತಿದ್ದೇನೆ. ಅಪ್ಪ ಇಲ್ಲಿಗೆ ಬಂದು ಎಷ್ಟು ಬದಲಾಗಿದ್ದಾರೆ ಎಂಬ ಹೊಗಳಿಕೆ ನಿನ್ನ ಕಿವಿಗೂ ಬಿದ್ದಿರಬೇಕಲ್ಲ, ಅದರ ಗುಟ್ಟು ಇಷ್ಟೇ. ಅಂಗಡಿಯಾಕೆ ಮಾತ್ರ ಮೋಸ ಹೋಗಿಲ್ಲ. ನಾನು ಒಳಗೆ ಬಂದಕೂಡಲೇ ಆ ಹೊದಿಕೆಯನ್ನೂ ನನ್ನ ಮುಖವನ್ನೂ ಒಂದೇ ಥರ ನೋಡುತ್ತಾಳೆ.

ಮೊದಲ ದಿನ ಫೋನು ತೆರೆದಾಗ ಇಲ್ಲಿ ಮಧ್ಯಾಹ್ನ, ಅಲ್ಲಿ ಸಂಜೆಯ ವ್ಯಾಪಾರದ ಹೊತ್ತು. ನನ್ನ ಕುರ್ಚಿಯಲ್ಲಿ ಯಾರೋ ಹೆಂಗಸು ಕೂತಿದ್ದಳು, ಮುಖ ಬೀದಿಯ ಕಡೆಗಿತ್ತು. ನಿನ್ನ ತಮ್ಮ ಯಾರನ್ನು ತಂದು ಕೂರಿಸಿದ್ದಾನೋ ಎಂದು ಫೋನನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡೆ. ಅಷ್ಟರಲ್ಲಿ ಅವನೇ ಚಹಾ ಹಿಡಿದು ಬಂದ, ಆಕೆ ಲೋಟಕ್ಕೆ ಕೈ ಚಾಚಿ ಈ ಕಡೆ ತಿರುಗಿದಳು. ನೀನು. ಪ್ಲಂಬರು ಒಡೆದ ನಲ್ಲಿಯೊಂದನ್ನು ಮೇಜಿನ ಮೇಲಿಟ್ಟ. ನೀನು ಅದನ್ನು ತಿರುಗಿಸಿ ನೋಡಿ, ಏಣಿ ಹಾಕಿಕೊಂಡು ಸರಸರ ಹತ್ತಿ, ಮೇಲಿನ ಅರೆಯಿಂದ ಸರಿಯಾದ ಡಬ್ಬಿಯನ್ನೇ ಇಳಿಸಿದೆ. ವಿಮಾನದಲ್ಲಿ ಕೂರಲಾಗದ ಮಂಡಿ ಏಣಿ ಹತ್ತುವ ಮಂಡಿಯೇ ಏನು? "ಈ ಸಲ ನೀವೊಬ್ರೇ ಹೋಗಿಬನ್ನಿ" ಎಂದು ಅಷ್ಟು ಮುದ್ದಾಗಿ ನನ್ನನ್ನು ಸಾಗಹಾಕಿದ್ದು ಇದಕ್ಕೇ ತಾನೆ?

ಅಂದಿನಿಂದ ದಿನಾ ಹೋಗಿ ನೋಡುತ್ತಿದ್ದೇನೆ. ನೀನು ಎಲ್ಲಾದರೂ ಎಡವುತ್ತೀಯ, ಹಿಡಿಯೋಣ ಎಂದೇ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಎಡವಲಿಲ್ಲ. ಸಾಲ ಕೇಳುವ ಮುಖಗಳನ್ನು ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸುತ್ತೀಯ, ಅದು ನನಗೂ ಬರುತ್ತಿರಲಿಲ್ಲ. ಮೊನ್ನೆ ಬಡಗಿ ಏನೋ ಹೇಳಿದ, ನೀನು ಸೆರಗು ಬಾಯಿಗೆ ಒತ್ತಿ ನಕ್ಕೆ. ಹಾಳು ಕ್ಯಾಮೆರಾಕ್ಕೆ ದನಿಯಿಲ್ಲ. ಮನೆಯಲ್ಲಿ ನೀನು ಹಾಗೆ ನಕ್ಕಿದ್ದು ಯಾವಾಗ ಎಂದು ಮಷೀನು ನಿಲ್ಲುವವರೆಗೂ ಯೋಚಿಸಿದೆ. ನನಗೆ ಹೊಟ್ಟೆ ಉರಿಯಿತು, ಭಯವೂ ಆಯಿತು. ನಾನು ಬಂದರೆ ನೀನು ಮತ್ತೆ ಒಳಗೆ ಹೋಗಿ ಒಲೆಯ ಮುಂದೆ ನಿಲ್ಲುತ್ತೀಯ, ಇಲ್ಲ ನಾನು ಜಗಲಿಯ ಮೇಲೆ ಕೂರುತ್ತೇನೆ. ಎರಡರಲ್ಲಿ ಯಾವುದನ್ನು ನೆನೆದರೂ ಸಂಕಟವಾಗುತ್ತದೆ. ನೀನು ನನ್ನನ್ನು ಮೊದಲೇ ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಮಗಳನ್ನು ಬೈಯಬೇಡ, ಗುಟ್ಟು ಬಿಟ್ಟುಕೊಟ್ಟವಳು ಅವಳಲ್ಲ. ನಾನು ನೋಡುತ್ತಿದ್ದೇನೆಂದು ಅವಳಿಗೆ ತಿಳಿಸಲೂ ಬೇಡ, ಇನ್ನೂ ಸ್ವಲ್ಪ ದಿನ ಬಟ್ಟೆ ಒಗೆಯುತ್ತೇನೆ. ರಾತ್ರಿ ಬಾಗಿಲು ಹಾಕಿದ ಮೇಲೆ ಬೀಗವನ್ನು ಎರಡು ಸಲ ಜಗ್ಗಿ ನೋಡು. ನಿನ್ನ ತಮ್ಮನಿಗೆ ಆಶೀರ್ವಾದ, ಚಹಾ ಸ್ವಲ್ಪ ಬೇಗ ತರಲು ಹೇಳು.

ಇಂತಿ,
ನೀನೇ ಹೆಸರಿಟ್ಟ ಹಾಗೆ,
ನಿನ್ನ ಸಂಶಯಪಿಶಾಚಿ

ವಿ.ಸೂ.: ಕುರ್ಚಿಯ ಸೀಟಿನ ಕೆಳಗೆ ಬಲಗಡೆ ಒಂದು ಹಿಡಿ ಇದೆ, ಎತ್ತಿದರೆ ಕುರ್ಚಿ ತಗ್ಗುತ್ತದೆ. ನಾನಿಲ್ಲದಾಗ ಯಾರೂ ಮುಟ್ಟಬಾರದೆಂದು ಅದನ್ನು ತಂತಿಯಿಂದ ಬಿಗಿದು ಬಂದಿದ್ದೆ. ನಿನ್ನ ಕಾಲು ನೆಲಕ್ಕೆ ತಾಗದೆ ತೂಗಾಡುವುದು ಇಲ್ಲಿಗೆ ಕಾಣುತ್ತದೆ. ಹೀಗೇ ಕೂತರೆ ಮಂಡಿನೋವು ನಿಜವಾಗಿಯೇ ಬರುತ್ತದೆ. ಕಟಿಂಗ್ ಪ್ಲೇಯರ್ ಗಲ್ಲಾಪೆಟ್ಟಿಗೆಯ ಹಿಂದಿದೆ. ತಂತಿ ಕತ್ತರಿಸಿ, ಕುರ್ಚಿಯನ್ನು ನಿನ್ನ ಎತ್ತರಕ್ಕೆ ಇಳಿಸಿಕೋ. ನಾನು ಬಂದ ಮೇಲೂ ಅದು ಅಷ್ಟೇ ಎತ್ತರದಲ್ಲಿರಲಿ.