ದವಡೆಗೊಂದು ಕೆಂಪು ಚುಕ್ಕಿ

ಮಾರ್ಚ್ ೧೪, ಗುರುವಾರ

ಮೂರು ತಿಂಗಳು ಕಿವಿಗೆ ಔಷಧಿ ಹಾಕಿದ್ದೆಲ್ಲ ದಂಡ. ನೋವು ಕಿವಿಯದ್ದಲ್ಲವಂತೆ, ಬಾಯಿ ತೆರೆದರೆ ಕಟಕ್ ಎನ್ನುವ ದವಡೆ ಕೀಲಿನದಂತೆ. ನಿನ್ನೆ ಹಲ್ಲಿನ ಡಾಕ್ಟರು ಹೇಳಿದರು: "ಬಾಯಿ ಮುಚ್ಚಿದ್ರೂ ಹಲ್ಲಿಗೆ ಹಲ್ಲು ತಾಗ್ಬಾರ್ದು. ಕಣ್ಣಿಗೆ ಬೀಳೋ ಕಡೆಯೆಲ್ಲ ಕೆಂಪು ಚುಕ್ಕಿ ಅಂಟಿಸಿ. ಕಂಡಾಗಲೆಲ್ಲ ದವಡೆ ಸಡಿಲ ಬಿಡಿ."

ಐವತ್ತೆರಡು ವರ್ಷ ನನಗೊಂದು ದವಡೆಯಿದೆ ಎಂಬುದೇ ನೆನಪಿರಲಿಲ್ಲ. ಈಗ ಎಲ್ಲ ಅದರದ್ದೇ ಕಾರುಬಾರು. ಹೊಲಿಗೆ ಯಂತ್ರ, ಕತ್ತರಿ, ಅಂಗಡಿಯ ಕನ್ನಡಿ, ಎಲ್ಲಕ್ಕೂ ಚುಕ್ಕಿ. ನೋಡಿದಾಗಲೆಲ್ಲ ಹಲ್ಲು ಕಚ್ಚಿಯೇ ಇರುತ್ತದೆ. ದವಡೆ ಸಡಿಲಿಸಿದರೆ ಭುಜ ಕಿವಿಯವರೆಗೆ ಏರಿರುತ್ತದೆ. ಭುಜ ಇಳಿಸಿದರೆ ಕಾಲ್ಬೆರಳುಗಳು ಮುದುಡಿಕೊಂಡಿರುತ್ತವೆ. ಇದೇನು ಮೈಯೋ, ಮುಷ್ಟಿಯೋ!

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೊಲಿಯುವುದರಿಂದ ಹೀಗಾಯಿತು ಎಂದುಕೊಂಡಿದ್ದೆ. ಮಧ್ಯಾಹ್ನ ನಿಜ ಗೊತ್ತಾಯಿತು. ಗಲ್ಲಾದಲ್ಲಿ ಕೂತ ಭಾವ ಎಂದಿನಂತೆ ನನ್ನನ್ನು ಕೇಳದೆ ಗಿರಾಕಿಗೆ, "ನಾಲ್ಕು ಜೊತೆ ತಾನೇ? ನಾಳೆನೇ ಕೊಡ್ತೀವಿ," ಎಂದರು. ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ, ಆದರೂ ಹಲ್ಲು ಗಟ್ಟಿಯಾಗಿ ಕಚ್ಚಿಕೊಂಡಿತು. ಅಕ್ಕನ ಗಂಡ, ಬೈಯುವ ಹಾಗಿಲ್ಲ. ಅಳತೆ ಟೇಪು ತೆಗೆದುಕೊಳ್ಳುವ ನೆಪದಲ್ಲಿ ಅವರ ಬೆನ್ನಿಗೂ ಒಂದು ಚುಕ್ಕಿ ಅಂಟಿಸಿದೆ. ಸಂಜೆಯವರೆಗೂ ಎಂಥ ನೆಮ್ಮದಿ!

ಮನೆಗೆ ಬಂದು ಅಂಗಿ ಬಿಚ್ಚಿದರೆ ಅದರ ಬೆನ್ನಿಗೂ ಒಂದು ಕೆಂಪು ಚುಕ್ಕಿ.

"ಬೆಳಿಗ್ಗೆ ನಾನೇ ಅಂಟಿಸ್ದೆ," ಎಂದಳು ಹೆಂಡತಿ, ತಲೆಯೆತ್ತದೆ. "ನಂಗೂ ದವಡೆ ನೋಯುತ್ತೆ ಕಣ್ರೀ."

ಜವಾಬು ಕೊಡಲು ಬಾಯಿ ತೆರೆದೆ. ಕಟಕ್. ಸುಮ್ಮನೆ ಮುಚ್ಚಿಕೊಂಡೆ, ಹಲ್ಲಿಗೆ ಹಲ್ಲು ತಾಗದ ಹಾಗೆ.