ಕೆಂಪು ಸಿಗ್ನಲ್ಲಿನ ನಿಯಮ

ಭಾವ,

ನೀವು ಕಟ್ಟಿದ ಆನ್‌ಲೈನ್ ರೈಲುಪ್ರಿಯರ ಗುಂಪಿಗೆ ಮಾನ ಮರ್ಯಾದೆ ಏನೂ ಉಳಿದಿಲ್ಲ. ನೀವು ಹೋದ ಸುದ್ದಿಯನ್ನು ಇವತ್ತು ನಾನೇ ಹಾಕಿದೆ, ಉಗಿ ಎಂಜಿನ್ ಪಕ್ಕ ನಿಂತ ನಿಮ್ಮ ಫೋಟೊ ಸಮೇತ. ನಾಲ್ಕು ಜನ ಕೈಮುಗಿದರು, ಅಷ್ಟೇ. ಆ ಎಂಜಿನ್ ಓಡುತ್ತಿದ್ದ ಮಾರ್ಗವನ್ನು ಮುಚ್ಚಿಸಿದ್ದು ಯಾವ ಪಕ್ಷ ಅಂತ ಒಬ್ಬ ಕೆದಕಿದ. ಇನ್ನೊಬ್ಬ, "ಸತ್ತೋರು ಯಾರ ಚೇಲಾ ಅಂತ ಗೊತ್ತು ಬಿಡಿ" ಎಂದು ಬರೆದ. ಮೈಯೆಲ್ಲ ಉರಿದುಹೋಯಿತು!

ಪಕ್ಕದಲ್ಲೇ ಕೂತಿದ್ದ ಅಕ್ಕ, "ಏನ್ ಬರೆದಿದಾರೋ, ಓದು" ಅಂದಳು.

"ಒಳ್ಳೆ ಮನುಷ್ಯ ಅಂತಿದಾರೆ" ಅಂದೆ.

ಮಾತಿಗೆ ಮಾತು ಬೆಳೆದಾಗ ನೀವು ಹಾಕುತ್ತಿದ್ದ ಕೆಂಪು ಸಿಗ್ನಲ್ಲಿನ ಚಿತ್ರವನ್ನೇ ಹಾಕಿದೆ. ಅದು ಬಿದ್ದರೆ ಎಲ್ಲರೂ ಬಾಯಿ ಮುಚ್ಚಬೇಕು, ಹಾಕಿದವರೇ ಹಸಿರು ತೋರಿಸುವ ತನಕ ಕಾಯಬೇಕು. ನಿಯಮ ನಿಮ್ಮದೇ. ಒಬ್ಬನೂ ನಿಲ್ಲಲಿಲ್ಲ. ಹಲ್ಲು ಕಿರಿಯುವ ಮುಖವೊಂದನ್ನು ಅಂಟಿಸಿ ಮುಂದುವರಿದರು.

ನಾನು ನಿಂತಿದ್ದೆ, ಭಾವ. ಚುನಾವಣೆ ಹೊತ್ತಿನಲ್ಲಿ ನಮ್ಮಿಬ್ಬರ ಜಗಳಕ್ಕೆ ಕೆಂಪು ಹಾಕಿದಿರಲ್ಲ, ಅವತ್ತಿನಿಂದ ನಿಮ್ಮ ಮನೆಗೂ ಬರದೆ, ಫೋನೂ ಮಾಡದೆ ಕಾದೆ. ನಿಯಮ ಅಂದರೆ ನಿಯಮ. ಹಸಿರು ತೋರಿಸದೆ ನೀವೇ ಹೊರಟುಬಿಡುವುದು ಯಾವ ಊರಿನ ನ್ಯಾಯ?